‘ಅಣ್ಣಾ, ನಿಲ್ಸಿ’ ಅನ್ನೋ ಧೈರ್ಯ ಯಾರಿಗಿದೆ?

ಏರೋಮಾಡೆಲಿಂಗ್ ಕ್ಲಬ್ ಬಗ್ಗೆ ಏನಾದ್ರೂ ಬರ್ಕೊಡಿ ಅಂತ ಕನ್ನಡ ಸಂಘದವರು ಕೇಳಿದಾಗ ಮೊದಲು ಫೋಟೋ ಆರಿಸೋಕೆ ಕೂತ್ವಿ. ಬೆಳಗಿನ ಮಂಜು, ಹಿಂದಿನ ಮೈದಾನ, ಮೇಲೆ ನಮ್ಮ ಬಿಳಿ ಫೋಮ್ ವಿಮಾನ. ಚೆನ್ನಾಗೇ ಇವೆ. ಇನ್‌ಸ್ಟಾಗ್ರಾಮ್‌ನಲ್ಲಿ ನೀವೂ ನೋಡಿರ್ತೀರಿ. ಆದರೆ ಆ ಫೋಟೋಗಳಲ್ಲೊಂದರಲ್ಲಿ ನಮ್ಮ ಕ್ಲಾಸ್‌ಮೇಟ್ ಒಬ್ಬ ಬಲಗೈಯನ್ನ ಬೆನ್ನ ಹಿಂದೆ ಇಟ್ಕೊಂಡು ನಿಂತಿದ್ದಾನೆ. ಸ್ಟೈಲಿಗೆ ಅಂತ ಅಂದ್ಕೊಂಡಿದ್ರೆ ತಪ್ಪು. ಆ ಕೈಯಲ್ಲಿ ಬ್ಯಾಂಡೇಜ್ ಇತ್ತು. ಎರಡು ಬೆರಳಿಗೆ ಸೇರಿ ಏಳು ಹೊಲಿಗೆ. ಈ ಲೇಖನ ಆ ಏಳು ಹೊಲಿಗೆ ಬಗ್ಗೆ.

ನಾವು ಎರಡನೇ ಸೆಮಿಸ್ಟರ್‌ನಲ್ಲಿದ್ವಿ. ಭಾನುವಾರ ಬೆಳಗ್ಗೆ. ಥರ್ಡ್ ಇಯರ್ ಅಣ್ಣ ಒಬ್ಬರು ತಮ್ಮ ವಿಮಾನಾನ ಮೈದಾನದ ಪಕ್ಕದ ಟೇಬಲ್ ಮೇಲೆ ಇಟ್ಟು ಬ್ಯಾಟರಿ ಹಾಕಿದ್ರು. ಪ್ರೊಪೆಲ್ಲರ್ ಆಗಲೇ ಕೂರಿಸಿ ಆಗಿತ್ತು. ನಮ್ಮವನು ರೆಕ್ಕೆ ಹಿಡ್ಕೊಂಡು ನಿಂತಿದ್ದ. ನಾವು ಬಳಸೋ ರಿಮೋಟ್‌ನಲ್ಲಿ ಒಂದಕ್ಕಿಂತ ಹೆಚ್ಚು ವಿಮಾನಗಳ ಸೆಟ್ಟಿಂಗ್ ಉಳಿಸಿಡಬಹುದು. ಯಾವ ವಿಮಾನ ಹಾರಿಸ್ತೀವೋ ಅದರ ಹೆಸರನ್ನ ಸ್ಕ್ರೀನ್ ಮೇಲೆ ಆರಿಸ್ಕೋಬೇಕು. ಅವತ್ತು ಸ್ಕ್ರೀನ್ ಮೇಲೆ ಇದ್ದಿದ್ದು ಬೇರೆ ವಿಮಾನದ ಹೆಸರು. ಆ ಸೆಟ್ಟಿಂಗ್‌ನಲ್ಲಿ ಥ್ರಾಟಲ್ ಉಲ್ಟಾ. ಅಂದ್ರೆ ಸ್ಟಿಕ್ ಕೆಳಗಿದ್ರೆ ಫುಲ್ ಸ್ಪೀಡ್, ಮೇಲಿದ್ರೆ ಬಂದ್.

ಬ್ಯಾಟರಿ ಹಾಕಿದಾಗ ಮೋಟಾರ್ ತಿರುಗಲಿಲ್ಲ, ಬರೀ ಬೀಪ್ ಬೀಪ್ ಅಂತು. ಮೋಟಾರಿನ ವೇಗ ಕಂಟ್ರೋಲ್ ಮಾಡೋ ಇಎಸ್‌ಸಿ ಅನ್ನೋ ಸರ್ಕ್ಯೂಟ್‌ಗೆ ಶುರುವಿನಲ್ಲೇ ಫುಲ್ ಥ್ರಾಟಲ್ ಕಂಡ್ರೆ ಅದು ಹಾಗೇ ಮಾಡುತ್ತೆ. ಏನೋ ಸರಿ ಇಲ್ಲ ಅಂತ ಅದು ತನ್ನ ಭಾಷೇಲಿ ಹೇಳ್ತಿತ್ತು. ಅಣ್ಣ ‘ಇದ್ಯಾಕೆ ಹಿಂಗಾಡ್ತಿದೆ’ ಅಂತ ಸ್ಟಿಕ್ಕನ್ನ ಮೇಲೆ ಮಾಡಿದ್ರು. ಬೀಪ್ ನಿಂತಿತು. ಮತ್ತೆ ಕೆಳಗೆ ಎಳೆದ್ರು. ಮೋಟಾರ್ ಒಂದೇ ಸಲಕ್ಕೆ ಕಿರುಚಿತು. ಗಾಬರಿಯಲ್ಲಿ ಅವರು ಸ್ಟಿಕ್ಕನ್ನ ಇನ್ನೂ ಕೆಳಗೆ ಒತ್ತಿ ಹಿಡಿದ್ರು, ಯಾಕೆಂದ್ರೆ ಎಲ್ಲಾ ವಿಮಾನದಲ್ಲೂ ಕೆಳಗೆ ಅಂದ್ರೆ ಬಂದ್ ಅಲ್ವಾ. ವಿಮಾನ ಟೇಬಲ್ ಬಿಟ್ಟು ಮುಂದಕ್ಕೆ ಹಾರಿತು. ನಮ್ಮವನು ಅದನ್ನ ಹಿಡಿಯೋಕೆ ಕೈ ಚಾಚಿದ. ಅಷ್ಟೇ.

ಈಗ ನಮ್ಮನ್ನ ಕಾಡ್ತಾ ಇರೋ ವಿಷಯ. ಸ್ಕ್ರೀನ್ ಮೇಲೆ ತಪ್ಪು ಹೆಸರು ಇರೋದನ್ನ ನಮ್ಮಲ್ಲಿ ಇಬ್ಬರು ನೋಡಿದ್ವಿ. ಬ್ಯಾಟರಿ ಹಾಕೋಕೂ ಮುಂಚೆ ನೋಡಿದ್ವಿ. ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಅಂತ ಆಮೇಲೆ ಎಷ್ಟೋ ರಾತ್ರಿ ಹಾಸ್ಟೆಲ್ ತಾರಸಿ ಮೇಲೆ ಕೂತು ಮಾತಾಡಿದೀವಿ. ಉತ್ತರ ಕಷ್ಟದ್ದೇನಲ್ಲ. ಅವರು ಥರ್ಡ್ ಇಯರ್. ಕ್ಲಬ್ಬಿನಲ್ಲಿ ಅವರಿಗಿಂತ ಚೆನ್ನಾಗಿ ಹಾರಿಸೋವ್ರು ಇರಲಿಲ್ಲ. ನಾವು ಬಂದು ನಾಲ್ಕು ತಿಂಗಳಾಗಿತ್ತು, ಅದರಲ್ಲಿ ಮೂರು ತಿಂಗಳು ಫೋಮ್ ಕಟ್ ಮಾಡಿದ್ದು, ಟೀ ತಂದಿದ್ದು. ‘ಅಣ್ಣ, ಮಾಡೆಲ್ ಹೆಸರು ತಪ್ಪಿದೆ ಅನ್ಸುತ್ತೆ’ ಅಂತ ಹೇಳಿ, ಅದು ಸರಿಯಾಗೇ ಇದ್ದಿದ್ರೆ? ಎಲ್ಲರ ಮುಂದೆ ‘ನೀನು ನಂಗೆ ಹೇಳಿಕೊಡ್ತೀಯಾ’ ಅಂತ ಅಂದಿದ್ರೆ? ಹಾಗೆ ಅನ್ನೋ ಮನುಷ್ಯ ಅವರಲ್ಲ, ಈಗ ಗೊತ್ತು. ಆದರೆ ಆ ಅರ್ಧ ನಿಮಿಷದಲ್ಲಿ ನಮಗೆ ಬೆರಳಿಗಿಂತ ಮರ್ಯಾದೆಯ ಭಯ ಹೆಚ್ಚಾಯ್ತು.

ಆಮೇಲೆ ಮಾಡಿದ್ದು ಇನ್ನೂ ಕೆಟ್ಟದ್ದು. ಆಸ್ಪತ್ರೆಯಲ್ಲಿ, ವಾರ್ಡನ್ ಹತ್ರ, ಮನೆಯವರಿಗೆ, ಎಲ್ಲಾ ಕಡೆ ಹೇಳಿದ್ದು ಒಂದೇ ಮಾತು: ಟೇಬಲ್ ಫ್ಯಾನ್ ತಾಗಿತು. ನಿಜ ಹೇಳಿದ್ರೆ ಕ್ಲಬ್ ಬಂದ್ ಆಗುತ್ತೆ ಅನ್ನೋ ಹೆದರಿಕೆ. ಎಲ್ಲರೂ ಒಪ್ಪಿಕೊಂಡ್ವಿ, ಕೈ ಕೊಯ್ದುಕೊಂಡವನೂ ಒಪ್ಪಿಕೊಂಡ. ಯಾರೂ ಏನೂ ಬರೆದಿಡಲಿಲ್ಲ. ಮೂರನೇ ಸೆಮಿಸ್ಟರ್ ಶುರುವಾಗಿ ಒಂದು ತಿಂಗಳಿಗೆ, ಬೇರೆ ವಿಮಾನ, ಬೇರೆ ಹುಡುಗಿ ಪೈಲಟ್, ಅದೇ ತಪ್ಪು. ತಪ್ಪು ಮಾಡೆಲ್, ಉಲ್ಟಾ ಥ್ರಾಟಲ್. ಆ ಸಲ ವಿಮಾನ ನೆಲದ ಮೇಲಿತ್ತು, ಮುಂದೆ ಯಾರೂ ಇರಲಿಲ್ಲ, ಹೋಗಿ ಬೇಲಿಗೆ ಗುದ್ದಿತು. ಅವಳಿಗೆ ಹಿಂದಿನ ಘಟನೆ ಏನಾಗಿದ್ದು ಅಂತ ಗೊತ್ತೇ ಇರಲಿಲ್ಲ. ಅವಳಿಗೂ ನಾವು ಟೇಬಲ್ ಫ್ಯಾನ್ ಅಂತಲೇ ಹೇಳಿದ್ವಿ.

ನಮ್ಮ ವಾದ ಇಷ್ಟೇ. ನಮ್ಮ ಮೈದಾನದಲ್ಲಿ ಸೇಫ್ಟಿ ಇಲ್ಲದೆ ಇರೋದು ಸಾಮಾನು ಕಮ್ಮಿ ಇರೋದ್ರಿಂದ ಅಲ್ಲ, ನಿಯಮ ಗೊತ್ತಿಲ್ಲದೆ ಇರೋದ್ರಿಂದಲೂ ಅಲ್ಲ. ಜೂನಿಯರ್‌ಗಳು ಬಾಯಿ ಬಿಡೋಕೆ ಆಗದೆ ಇರೋದ್ರಿಂದ, ಆದ ತಪ್ಪನ್ನ ಎಲ್ಲರೂ ಮುಚ್ಚಿಡೋದ್ರಿಂದ. ಈ ಎರಡನ್ನ ಸರಿ ಮಾಡದೆ ಗ್ಲೌಸ್, ಕನ್ನಡಕ, ನೆಟ್ ಏನು ಕೊಂಡ್ರೂ ಮುಂದಿನ ಹೊಲಿಗೆ ಯಾರಿಗೆ ಅನ್ನೋದಷ್ಟೇ ಪ್ರಶ್ನೆ.

‘ಫೋಮ್ ವಿಮಾನ ತಾನೇ?’

ಹೊರಗಿನವರು ಮೊದಲು ಕೇಳೋದು ಇದನ್ನ. ಥರ್ಮೋಕೋಲ್ ಥರ ಇದೆ, ತಾಗಿದ್ರೆ ಏನಾಗುತ್ತೆ? ಇಂಜಿನಿಯರಿಂಗ್ ಓದ್ತಿದೀವಿ, ಲೆಕ್ಕ ಹಾಕೋಣ.

ನಮ್ಮ ವಿಮಾನಗಳಲ್ಲಿ ಸಾಮಾನ್ಯವಾಗಿ ಹತ್ತು ಇಂಚಿನ ಪ್ರೊಪೆಲ್ಲರ್ ಇರುತ್ತೆ. ಒಂದು ಸುತ್ತಿಗೆ ಅದರ ತುದಿ ಸುಮಾರು 80 ಸೆಂಟಿಮೀಟರ್ ದೂರ ಹೋಗುತ್ತೆ. ನಿಮಿಷಕ್ಕೆ 8,000 ಸುತ್ತು ಅಂತ ಇಟ್ಕೊಳ್ಳಿ, ಅಂದ್ರೆ ಸೆಕೆಂಡಿಗೆ 133 ಸುತ್ತು. ತುದಿಯ ವೇಗ ಸೆಕೆಂಡಿಗೆ 106 ಮೀಟರ್, ಗಂಟೆಗೆ ಸುಮಾರು 380 ಕಿಲೋಮೀಟರ್. ಬೆರಳು ಅದರ ದಾರಿಯಲ್ಲಿ ಬಂದ್ರೆ, ‘ಅಯ್ಯೋ’ ಅಂತ ಕೈ ಹಿಂದಕ್ಕೆ ತಗೊಳ್ಳೋ ಅಷ್ಟರಲ್ಲಿ ಹತ್ತಾರು ಏಟು ಬಿದ್ದಿರುತ್ತೆ.

ಇನ್ನು ಇಡೀ ವಿಮಾನ. ಬ್ಯಾಟರಿ ಸೇರಿ ಒಂದೂವರೆ ಕೆಜಿ, ಸೆಕೆಂಡಿಗೆ 15 ಮೀಟರ್ ವೇಗ. ಅರ್ಧ ಎಂ ವಿ ಸ್ಕ್ವೇರ್ ಹಾಕಿದ್ರೆ ಸುಮಾರು 169 ಜೌಲ್. ಒಂದೂವರೆ ಕೆಜಿ ಕಲ್ಲನ್ನ ಹನ್ನೊಂದೂವರೆ ಮೀಟರ್ ಎತ್ತರದಿಂದ ಬಿಟ್ಟ ಹಾಗೆ. ಅಂದ್ರೆ ಹೆಚ್ಚುಕಮ್ಮಿ ನಮ್ಮ ಹಾಸ್ಟೆಲ್ ತಾರಸಿಯಿಂದ. ಫೋಮ್ ಮೆತ್ತಗಿದೆ, ನಿಜ, ಸ್ವಲ್ಪ ಏಟು ಅದು ತಾನೇ ತಿನ್ನುತ್ತೆ. ಆದರೆ ಮೂತಿಯಲ್ಲಿ ಇರೋ ಮೋಟಾರು, ಅದರ ಹಿಂದೆ ಇರೋ ಬ್ಯಾಟರಿ ಮೆತ್ತಗಿಲ್ಲ. ತೂಕ ಇರೋದೇ ಅಲ್ಲಿ.

2013ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಒಂದು ಪಾರ್ಕಿನಲ್ಲಿ ರಿಮೋಟ್ ಹೆಲಿಕಾಪ್ಟರ್ ಹಾರಿಸ್ತಿದ್ದ ಯುವಕ ಅದರ ಬ್ಲೇಡ್ ತಲೆಗೆ ಬಡಿದು ತೀರಿಕೊಂಡ. ಹೊಸಬ ಅಲ್ಲ, ಚೆನ್ನಾಗಿ ಹಾರಿಸ್ತಿದ್ದವನು. ವಯಸ್ಸು 19. ನಮ್ಮ ವಯಸ್ಸು.

ಅದಕ್ಕೂ ಮುಂಚೆ, 1979ರ ಡಿಸೆಂಬರ್ 9ರಂದು, ಅದೇ ನ್ಯೂಯಾರ್ಕ್‌ನ ಶೇ ಸ್ಟೇಡಿಯಂನಲ್ಲಿ ಫುಟ್‌ಬಾಲ್ ಪಂದ್ಯದ ವಿರಾಮದಲ್ಲಿ ಮಾಡೆಲ್ ವಿಮಾನಗಳ ಪ್ರದರ್ಶನ ಇಟ್ಟಿದ್ರು. ಜನರನ್ನ ನಗಿಸೋಕೆ ಅಂತ ಹುಲ್ಲು ಕತ್ತರಿಸೋ ಮೆಷಿನ್ ಆಕಾರದಲ್ಲಿ ಒಂದು ವಿಮಾನ. ಅದು ಕಂಟ್ರೋಲ್ ತಪ್ಪಿ ಪ್ರೇಕ್ಷಕರ ಮಧ್ಯೆ ನುಗ್ಗಿತು. ಇಬ್ಬರಿಗೆ ಬಡೀತು, ಅವರಲ್ಲಿ ಒಬ್ಬ ಕೆಲವು ದಿನದ ಮೇಲೆ ಸತ್ತ. ಪ್ರತಿ ವರ್ಷ ಟೆಕ್ ಫೆಸ್ಟ್ ಬಂದಾಗ ನಮಗೆ ಇದು ನೆನಪಾಗಬೇಕು. ಸ್ಟೇಜ್ ಮುಂದೆ ಕೂತಿರೋ ಜನರ ತಲೆ ಮೇಲೆ ‘ಒಂದೇ ಒಂದು ಫ್ಲೈಪಾಸ್’ ಮಾಡಿ ಅಂತ ಫೆಸ್ಟ್ ಕಮಿಟಿಯವರು ಕೇಳ್ತಾರೆ. ವಿಡಿಯೋ ಚೆನ್ನಾಗಿ ಬರುತ್ತೆ ಅಂತ ನಮಗೂ ಆಸೆ ಆಗುತ್ತೆ. ಹೋದ ವರ್ಷ ಮಾಡಿದ್ವಿ ಕೂಡ. ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅನ್ನೋದು ನಾವು ಸರಿ ಮಾಡಿದ್ವಿ ಅನ್ನೋದಕ್ಕೆ ಸಾಕ್ಷಿ ಆಗೋದಿಲ್ಲ.

ಬಟ್ಟೆ ಕ್ಲಿಪ್ಪಿನ ಕಾಲ

ನಮ್ಮ ಕ್ಲಬ್ಬಿನ ಹಳೇ ಬ್ಯಾಚಿನ ಒಬ್ಬರು ಒಮ್ಮೆ ಬಂದಿದ್ರು. ಈಗ ಅವರ ಮಕ್ಕಳು ನಮ್ಮ ವಯಸ್ಸಿನವರು. ಅವರ ಕಾಲದ ರಿಮೋಟ್‌ಗಳು 72 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡ್ತಿದ್ವಂತೆ. ಅದರಲ್ಲಿ ಒಂದೊಂದು ರಿಮೋಟ್‌ಗೆ ಒಂದೊಂದು ಚಾನಲ್. ಒಂದೇ ಚಾನಲ್‌ನ ಇಬ್ಬರು ಒಟ್ಟಿಗೆ ಆನ್ ಮಾಡಿದ್ರೆ ಮೇಲೆ ಹಾರ್ತಾ ಇರೋ ವಿಮಾನ ತಲೆಕೆಟ್ಟ ಹಾಗೆ ಆಡಿ ಬೀಳುತ್ತೆ. ಅದಕ್ಕೆ ಮೈದಾನದಲ್ಲಿ ಒಂದು ಹಲಗೆ, ಅದರ ಮೇಲೆ ಚಾನಲ್ ನಂಬರ್ ಬರೆದ ಬಟ್ಟೆ ಒಣಗಿಸೋ ಕ್ಲಿಪ್‌ಗಳು. ನಿಮ್ಮ ನಂಬರಿನ ಕ್ಲಿಪ್ ನಿಮ್ಮ ಕೈಗೆ ಬರೋವರೆಗೆ ರಿಮೋಟ್ ಆನ್ ಮಾಡೋ ಹಾಗಿಲ್ಲ. ಕ್ಲಿಪ್ ಇಲ್ಲ ಅಂದ್ರೆ ಯಾರ ಹತ್ರ ಇದೆ ಅಂತ ಹುಡುಕಿ, ಕೇಳಿ, ಕಾದು ತಗೋಬೇಕು.

ಈಗ 2.4 ಗಿಗಾಹರ್ಟ್ಸ್ ಬಂದಿದೆ. ರಿಮೋಟೂ ರಿಸೀವರೂ ಒಂದನ್ನೊಂದು ಗುರುತು ಹಿಡಿದು ತಾವೇ ಹೊಂದಾಣಿಕೆ ಮಾಡ್ಕೊಳ್ತವೆ. ಹಲಗೆ ಬೇಡ, ಕ್ಲಿಪ್ ಬೇಡ. ತುಂಬ ಒಳ್ಳೇದೇ ಆಯ್ತು. ಆದರೆ ಆ ಹಿರಿಯರು ಒಂದು ಮಾತು ಹೇಳಿದ್ರು: ಕ್ಲಿಪ್ ಇದ್ದಾಗ ಹಾರಿಸೋ ಮುಂಚೆ ಪಕ್ಕದವನ ಜೊತೆ ಮಾತಾಡಲೇಬೇಕಿತ್ತು, ಅವನು ಸೀನಿಯರ್ ಆಗಲಿ ಜೂನಿಯರ್ ಆಗಲಿ. ಈಗ ಯಾರ ಜೊತೆಯೂ ಮಾತಾಡದೆ ಬಂದು, ಹಾರಿಸಿ, ಪ್ಯಾಕ್ ಮಾಡ್ಕೊಂಡು ಹೋಗಬಹುದು.

ಇದನ್ನ ನಾವು ಆಮೇಲೆ ಗಮನಿಸಿ ನೋಡಿದ್ವಿ. ಅವರು ಹೇಳಿದ್ದು ನಿಜ. ನಮ್ಮ ಮೈದಾನದಲ್ಲಿ ಒಂದೇ ಹೊತ್ತಿಗೆ ಮೂರು ವಿಮಾನ ಮೇಲಿರುತ್ವೆ, ಮೂವರು ಪೈಲಟ್‌ಗಳು ಮೂರು ಮೂಲೆಯಲ್ಲಿ ನಿಂತಿರ್ತಾರೆ. ಯಾರು ಇಳಿಸ್ತಿದಾರೆ, ಯಾರ ಬ್ಯಾಟರಿ ಮುಗೀತಾ ಬಂದಿದೆ, ಬಿದ್ದ ವಿಮಾನ ತರೋಕೆ ಯಾರು ರನ್‌ವೇ ಮೇಲೆ ನಡೀತಿದಾರೆ, ಒಬ್ಬರಿಗೊಬ್ಬರಿಗೆ ಗೊತ್ತಿರಲ್ಲ. ಪೈಲಟ್‌ಗಳೆಲ್ಲ ಒಂದೇ ಸಾಲಿನಲ್ಲಿ ಅಕ್ಕಪಕ್ಕ ನಿಲ್ಲಬೇಕು, ಆ ಸಾಲಿನ ಮುಂದೆ ಮಾತ್ರ ಹಾರಿಸಬೇಕು, ಹಿಂದೆ ಜನ ಇರಬೇಕು ಅನ್ನೋದು ಪ್ರಪಂಚದ ಎಲ್ಲಾ ಮಾಡೆಲ್ ಮೈದಾನಗಳ ಮೊದಲ ಪಾಠ. ಅಕ್ಕಪಕ್ಕ ನಿಂತ್ರೆ ಮಾತು ಕೇಳುತ್ತೆ. ಸುಣ್ಣದ ಗೆರೆ ಹಾಕೋಕೆ ಹತ್ತು ನಿಮಿಷ, ಅದಕ್ಕೂ ನಾವು ಸೋಮಾರಿಗಳು.

ದೊಡ್ಡ ವಿಮಾನಗಳು ಕಲಿತ ಪಾಠ

ಸೀನಿಯರ್‌ಗೆ ಎದುರು ಮಾತಾಡಬಾರದು ಅನ್ನೋದು ನಮ್ಮ ಕಾಲೇಜಿನ ರೋಗ ಮಾತ್ರ ಅಲ್ಲ. 1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರಿಫೆ ದ್ವೀಪದಲ್ಲಿ, ಮಂಜು ಮುಸುಕಿದ ರನ್‌ವೇ ಮೇಲೆ ಎರಡು ಬೋಯಿಂಗ್ 747 ಡಿಕ್ಕಿ ಹೊಡೆದು 583 ಜನ ಸತ್ತರು. ವಿಮಾನಯಾನದ ಇತಿಹಾಸದಲ್ಲೇ ಅತಿ ಹೆಚ್ಚು ಜನ ಸತ್ತ ಅಪಘಾತ ಅದು. ಟೇಕಾಫ್‌ಗೆ ಓಡೋಕೆ ಶುರು ಮಾಡಿದ್ದ ಕೆಎಲ್ಎಂ ವಿಮಾನದ ಕ್ಯಾಪ್ಟನ್ ಆ ಕಂಪನಿಯ ಬಹಳ ಹಿರಿಯ ಪೈಲಟ್, ಬೇರೆ ಪೈಲಟ್‌ಗಳಿಗೆ ಟ್ರೈನಿಂಗ್ ಕೊಡೋವ್ರು. ಹಿಂದೆ ಕೂತಿದ್ದ ಫ್ಲೈಟ್ ಇಂಜಿನಿಯರ್‌ಗೆ ರೇಡಿಯೋ ಮಾತು ಕೇಳಿ ಅನುಮಾನ ಬಂತು. ಪ್ಯಾನ್ ಆಮ್ ವಿಮಾನ ಇನ್ನೂ ರನ್‌ವೇ ಮೇಲೇ ಇದೆಯಾ ಅಂತ ಕೇಳಿದ್ರು. ಇಲ್ಲ, ಹೋಗಿದೆ ಅನ್ನೋ ಧಾಟಿಯಲ್ಲಿ ಕ್ಯಾಪ್ಟನ್ ಗಟ್ಟಿಯಾಗಿ ಉತ್ತರ ಕೊಟ್ರು. ಇಂಜಿನಿಯರ್ ಮತ್ತೆ ಕೇಳಲಿಲ್ಲ. ಪ್ಯಾನ್ ಆಮ್ ವಿಮಾನ ಅಲ್ಲೇ ಇತ್ತು.

ಇದರ ಬಗ್ಗೆ ಓದಿದ ದಿನ ನಮಗೆ ನಮ್ಮ ಟೇಬಲ್ಲು, ಆ ಸ್ಕ್ರೀನು ನೆನಪಾಗಿ ಹೊಟ್ಟೆ ತೊಳೆಸಿದ ಹಾಗಾಯ್ತು. ಹೋಲಿಕೆ ದೊಡ್ಡದಾಯ್ತು ಅಂತ ಅನ್ಸಬಹುದು. ಆದರೆ ಅನುಮಾನ ಬಂದ ಚಿಕ್ಕವನು ಸುಮ್ಮನಾಗೋ ರೀತಿ ಎರಡೂ ಕಡೆ ಒಂದೇ. ಅವರು ಒಂದು ಸಲವಾದ್ರೂ ಕೇಳಿದ್ರು, ನಾವು ಅದೂ ಕೇಳಲಿಲ್ಲ.

ಟೆನೆರಿಫೆಯಂಥ ಅಪಘಾತಗಳಾದ ಮೇಲೆ ವಿಮಾನಯಾನದವರು ಏನು ಮಾಡಿದ್ರು? ಬರೀ ಹೊಸ ಮೆಷಿನ್ ಕೊಳ್ಳಲಿಲ್ಲ. 1979ರಲ್ಲಿ ನಾಸಾ ಒಂದು ಕಾರ್ಯಾಗಾರ ನಡೆಸಿತು. ಕಾಕ್‌ಪಿಟ್‌ನಲ್ಲಿ ಜನ ಒಬ್ಬರಿಗೊಬ್ಬರು ಹೇಗೆ ಮಾತಾಡಬೇಕು ಅನ್ನೋದನ್ನೇ ಒಂದು ಟ್ರೈನಿಂಗ್ ಆಗಿ ರೂಪಿಸೋದು ಅಲ್ಲಿಂದ ಶುರುವಾಯ್ತು. ಈಗ ಅದನ್ನ ಸಿಆರ್‌ಎಂ ಅಂತಾರೆ. ಕಿರಿಯ ಪೈಲಟ್ ಅನುಮಾನ ಬಂದ್ರೆ ಬಾಯಿ ಬಿಟ್ಟು ಹೇಳಬೇಕು, ಕ್ಯಾಪ್ಟನ್ ಅದನ್ನ ಕೇಳಿಸ್ಕೋಬೇಕು. ಇದು ಸೌಜನ್ಯದ ಮಾತಲ್ಲ, ಅವರ ಕೆಲಸದ ಭಾಗ.

ಇನ್ನೊಂದು, 1976ರಿಂದ ನಾಸಾ ನಡೆಸ್ತಾ ಇರೋ ವರದಿ ವ್ಯವಸ್ಥೆ. ಪೈಲಟ್‌ಗಳು, ಕಂಟ್ರೋಲರ್‌ಗಳು ತಮ್ಮದೇ ತಪ್ಪನ್ನ, ಸ್ವಲ್ಪದರಲ್ಲಿ ತಪ್ಪಿದ ಅಪಾಯವನ್ನ ಬರೆದು ಕಳಿಸಬಹುದು. ಬರೆದವರ ಗುರುತು ತೆಗೆದುಹಾಕಿ, ವಿಷಯವನ್ನ ಮಾತ್ರ ಎಲ್ಲರಿಗೂ ತಿಳಿಸ್ತಾರೆ. ತಪ್ಪು ಒಪ್ಪಿಕೊಂಡವನನ್ನ ಹಿಡಿದು ಬಡಿದ್ರೆ ಮುಂದಿನವನು ಬಾಯಿ ಬಿಡಲ್ಲ ಅನ್ನೋದು ಅವರಿಗೆ ಐವತ್ತು ವರ್ಷದ ಹಿಂದೆಯೇ ಅರ್ಥ ಆಗಿತ್ತು. ನಾವಿನ್ನೂ ಟೇಬಲ್ ಫ್ಯಾನ್ ಕಥೆ ಹೇಳ್ತಿದೀವಿ.

‘ಹೆಡ್ಸ್ ಅಪ್’ ಅಂದ್ರೆ ಯಾರಿಗೆ ಅರ್ಥ?

ಕನ್ನಡ ಸಂಘದ ಪತ್ರಿಕೆಯಲ್ಲಿ ಇದನ್ನ ಬರೀತಿರೋದಕ್ಕೆ ಒಂದು ಕಾರಣ ಇದೆ.

ನಮ್ಮ ಮೈದಾನದ ಒಂದು ಕಡೆ ರಾಗಿ ಹೊಲ, ಇನ್ನೊಂದು ಕಡೆ ಊರಿಗೆ ಹೋಗೋ ಕಾಲುದಾರಿ. ಬೆಳಗ್ಗೆ ಒಬ್ಬರು ತಾತ ಕುರಿ ಹೊಡ್ಕೊಂಡು ಬರ್ತಾರೆ. ಭಾನುವಾರ ಊರಿನ ಹುಡುಗರು ಕ್ರಿಕೆಟ್ ಆಡ್ತಾರೆ. ನಿಜ ಹೇಳಬೇಕಂದ್ರೆ ಆ ಮೈದಾನ ನಮಗಿಂತ ಮೊದಲು ಅವರದ್ದು. ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಂ. ಹಾರಿಸೋದನ್ನ ಕಲಿತಿದ್ದೂ ಇಂಗ್ಲಿಷ್ ಯೂಟ್ಯೂಬ್ ವಿಡಿಯೋಗಳಿಂದ. ಹಾಗಾಗಿ ಕೂಗೋದೂ ಇಂಗ್ಲಿಷ್‌ನಲ್ಲೇ. ವಿಮಾನ ಕಂಟ್ರೋಲ್ ತಪ್ಪಿದ್ರೆ ‘ಹೆಡ್ಸ್ ಅಪ್!’, ಮೋಟಾರ್ ನಿಂತುಹೋದ್ರೆ ‘ಡೆಡ್ ಸ್ಟಿಕ್!’

ಒಂದು ದಿನ ಗಾಳಿಗೆ ಸಿಕ್ಕ ವಿಮಾನ ಒಂದು ಕಾಲುದಾರಿ ಕಡೆ ಹೋಯ್ತು. ನಾವೆಲ್ಲ ಸೇರಿ ‘ಹೆಡ್ಸ್ ಅಪ್! ಹೆಡ್ಸ್ ಅಪ್!’ ಅಂತ ಗಂಟಲು ಹರಿಯೋ ಹಾಗೆ ಕೂಗಿದ್ವಿ. ತಾತ ನಮ್ಮನ್ನ ನೋಡಿ, ನಕ್ಕು, ಕೈ ಬೀಸಿದ್ರು. ನಾವು ವಿಷ್ ಮಾಡ್ತಿದೀವಿ ಅಂತ ಅವರು ಅಂದ್ಕೊಂಡಿದ್ರು. ವಿಮಾನ ಅವರಿಂದ ಹತ್ತು ಹೆಜ್ಜೆ ದೂರದಲ್ಲಿ ಬಿತ್ತು. ಕುರಿಗಳು ದಿಕ್ಕಾಪಾಲಾಗಿ ಓಡಿದ್ವು. ಅವರು ಬೈಯಲಿಲ್ಲ. ‘ಬಿದ್ದೋಯ್ತಲ್ಲ ಮಗಾ, ಕಾಸು ಎಷ್ಟಾಯ್ತು’ ಅಂತ ನಮ್ಮ ವಿಮಾನಕ್ಕೇ ಮರುಗಿದ್ರು. ನಮಗೆ ಮುಖ ಎತ್ತೋಕೆ ಆಗಲಿಲ್ಲ.

ಮನುಷ್ಯನನ್ನ ಕಾಪಾಡೋಕೆ ಕೂಗೋ ಮಾತು ಆ ಮನುಷ್ಯನಿಗೆ ಅರ್ಥ ಆಗಬೇಕು. ‘ತಾತಾ, ಓಡಿ! ಈ ಕಡೆ ಬನ್ನಿ!’ ಅಂದಿದ್ರೆ ಸಾಕಿತ್ತು. ಅದರಲ್ಲೂ ಗಾಬರಿಯಲ್ಲಿ ಬಾಯಿಗೆ ಬರೋದು ಅಭ್ಯಾಸ ಆಗಿರೋ ಮಾತು ಮಾತ್ರ. ಹಾಗಾಗಿ ದಿನಾ ಕನ್ನಡದಲ್ಲೇ ಕೂಗಿ ಅಭ್ಯಾಸ ಆಗಬೇಕು. ನಾವು ನಾಲ್ಕು ಕೂಗು ಇಟ್ಕೊಂಡಿದೀವಿ. ಹಾರಿಸೋ ಮುಂಚೆ ‘ಹಾರಿಸ್ತಿದೀನಿ!’ ಇಳಿಸೋವಾಗ ‘ಇಳೀತಿದೆ, ದಾರಿ ಬಿಡಿ!’ ವಿಮಾನ ತರೋಕೆ ಹೋಗೋವಾಗ ‘ಮೈದಾನದಲ್ಲಿ ಜನ!’ ಕಂಟ್ರೋಲ್ ತಪ್ಪಿದ್ರೆ ‘ಬೀಳ್ತಿದೆ, ಓಡಿ!’ ಮೊದಲ ವಾರ ನಮಗೇ ನಗು ಬರ್ತಿತ್ತು. ಈಗ ಕ್ರಿಕೆಟ್ ಆಡೋ ಹುಡುಗರೇ ನಮಗಿಂತ ಮುಂಚೆ ‘ಇಳೀತಿದೆ, ದಾರಿ ಬಿಡ್ರೋ’ ಅಂತ ಕೂಗ್ತಾರೆ. ಅವರು ನಮ್ಮ ಕಾವಲುಗಾರರಾಗಿದಾರೆ. ಸಂಬಳವಾಗಿ ವಾರಕ್ಕೊಬ್ಬನಿಗೆ ರಿಮೋಟ್ ಹಿಡಿಯೋಕೆ ಕೊಡ್ತೀವಿ, ಪಕ್ಕದಲ್ಲಿ ನಾವು ನಿಂತ್ಕೊಂಡು.

ನಾವು ಕೇಳ್ತಿರೋದು

ಕಾನೂನು ಇದೆಯಲ್ಲ ಅಂತ ಕೆಲವರು ಹೇಳ್ತಾರೆ. ಇದೆ. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು ನಮ್ಮಂಥವರಿಗೆ ಸಾಕಷ್ಟು ಸಡಿಲವಾಗೇ ಇವೆ. 25 ಕೆಜಿ ಒಳಗಿನ, ಕಲಿಕೆಗೋ ಹವ್ಯಾಸಕ್ಕೋ ಕಣ್ಣಿಗೆ ಕಾಣೋ ದೂರದಲ್ಲೇ ಹಾರಿಸೋ ಮಾಡೆಲ್‌ಗಳಿಗೆ ಟೈಪ್ ಸರ್ಟಿಫಿಕೇಟ್ ಬೇಡ ಅಂದಿದಾರೆ. ಆದರೆ ಎಲ್ಲಿ ಹಾರಿಸಬಹುದು ಅನ್ನೋದಕ್ಕೆ ಹಸಿರು, ಹಳದಿ, ಕೆಂಪು ಅಂತ ವಲಯಗಳಿವೆ. ಹಸಿರು ವಲಯದಲ್ಲಿ 400 ಅಡಿವರೆಗೆ, ಏರ್‌ಪೋರ್ಟ್ ಹತ್ತಿರ ಬಂದ ಹಾಗೆ ಆ ಎತ್ತರ ಕಮ್ಮಿ ಆಗುತ್ತೆ. ಮನೆಗೆ ಹೋದಾಗ ಊರಿನಲ್ಲಿ ಹಾರಿಸೋ ಮುಂಚೆ ಮ್ಯಾಪ್ ನೋಡಿ. ಇದು ಎರಡು ನಿಮಿಷದ ಕೆಲಸ. ಆದರೆ ಯಾವ ಕಾನೂನೂ ನಮ್ಮ ಟೇಬಲ್ ಹತ್ರ ಬಂದು ‘ಮಾಡೆಲ್ ಹೆಸರು ನೋಡಿದ್ಯಾ’ ಅಂತ ಕೇಳಲ್ಲ. ಅದನ್ನ ಪಕ್ಕದಲ್ಲಿ ನಿಂತವರೇ ಕೇಳಬೇಕು.

ಅದಕ್ಕೆ ನಮ್ಮ ಬ್ಯಾಚಿನವರು ಈ ಸೆಮಿಸ್ಟರ್‌ನಿಂದ ಎರಡು ಕೆಲಸ ಶುರು ಮಾಡಿದೀವಿ, ಇವು ನಾವು ಪಾಸಾಗಿ ಹೋದ ಮೇಲೂ ಉಳೀಬೇಕು ಅನ್ನೋದು ಆಸೆ.

ಒಂದು, ‘ನಿಲ್ಸಿ’ ಅನ್ನೋ ಮಾತು. ಮೈದಾನದಲ್ಲಿ ಯಾರೇ ಆಗಲಿ, ನಿನ್ನೆ ಸೇರಿದ ಫಸ್ಟ್ ಇಯರ್ ಆಗಲಿ, ನೋಡೋಕೆ ಬಂದವರಾಗಲಿ, ‘ಅಣ್ಣಾ ನಿಲ್ಸಿ’, ‘ಅಕ್ಕಾ ನಿಲ್ಸಿ’ ಅಂದ್ರೆ ಪೈಲಟ್ ನಿಲ್ಲಿಸಬೇಕು. ನೆಲದ ಮೇಲಿದ್ರೆ ಬ್ಯಾಟರಿ ತೆಗೀಬೇಕು, ಮೇಲಿದ್ರೆ ಇಳಿಸಬೇಕು. ಯಾಕೆ ಅಂತ ಕೇಳೋದು ನಿಲ್ಲಿಸಿದ ಮೇಲೆ. ಕಾರಣ ತಪ್ಪಾಗಿದ್ರೂ ನಗೋ ಹಾಗಿಲ್ಲ.

ಎರಡು, ಒಂದು ನೋಟ್‌ಬುಕ್. ಇನ್ನೂರು ಪುಟದ್ದು, ದಾರ ಕಟ್ಟಿ ಟೂಲ್ ಬಾಕ್ಸ್‌ಗೆ ನೇತು ಹಾಕಿದೀವಿ. ಏನಾಯ್ತು, ಯಾಕಾಯ್ತು, ಏನು ಮಾಡಿದ್ರೆ ಆಗ್ತಿರಲಿಲ್ಲ, ಮೂರು ಸಾಲು. ಹೆಸರು ಬೇಡ. ಮೊದಲ ಪುಟದಲ್ಲಿ ನಾವೇ ಬರೆದಿದ್ದು ಟೇಬಲ್ ಫ್ಯಾನ್ ಕಥೆಯ ನಿಜವಾದ ರೂಪ. ಅದರ ಕೆಳಗೆ ಪಾಠ: ಪ್ರೊಪೆಲ್ಲರ್ ಬಿಚ್ಚಿಟ್ಟು ಟೆಸ್ಟ್ ಮಾಡಿ, ಬ್ಯಾಟರಿ ಹಾಕೋ ಮುಂಚೆ ಸ್ಕ್ರೀನ್ ಮೇಲಿನ ಹೆಸರನ್ನ ಗಟ್ಟಿಯಾಗಿ ಓದಿ, ಪಕ್ಕದವರು ‘ಸರಿ’ ಅನ್ನಬೇಕು. ಆಮೇಲೆ ಬೇರೆಯವರೂ ಬರೆದಿದಾರೆ. ಸಿಗ್ನಲ್ ಹೋದ್ರೆ ಮೋಟಾರ್ ನಿಲ್ಲೋ ಹಾಗೆ ಫೇಲ್‌ಸೇಫ್ ಸೆಟ್ ಮಾಡದೆ ಹಾರಿಸಿ, ವಿಮಾನ ಹೊಲದಾಚೆ ಹೋಗಿದ್ದು. ಇಳಿಸೋವಾಗ ಎದುರು ಬಿಸಿಲಿಗೆ ಕಣ್ಣು ಕತ್ತಲಾಗಿದ್ದು. ಒಬ್ಬರಂತೂ ಹೀಗೆ ಬರೆದಿದಾರೆ: ಊದಿಕೊಂಡಿದ್ದ ಲೈಪೋ ಬ್ಯಾಟರಿಯನ್ನ ರಾತ್ರಿ ಚಾರ್ಜ್‌ಗೆ ಹಾಕಿ ಮಲಗಿಬಿಟ್ಟಿದ್ದೆ, ಎಚ್ಚರ ಆದಾಗ ಮುಟ್ಟೋಕೆ ಆಗದಷ್ಟು ಬಿಸಿ, ರೂಮ್‌ಮೇಟ್‌ಗೆ ಇವತ್ತಿಗೂ ಹೇಳಿಲ್ಲ. ಅದನ್ನ ಓದಿದ ಮೇಲೆ ಹಾಸ್ಟೆಲ್ ರೂಮಿನಲ್ಲಿ ಚಾರ್ಜ್ ಮಾಡೋದನ್ನೇ ಬಿಟ್ವಿ. ಈಗ ಲ್ಯಾಬ್ ಹೊರಗೆ ಸಿಮೆಂಟ್ ನೆಲದ ಮೇಲೆ, ಎದುರಿಗೆ ಒಬ್ಬರು ಕೂತಿದ್ರೆ ಮಾತ್ರ. ಪಕ್ಕದಲ್ಲಿ ಒಂದು ಬಕೆಟ್ ಮರಳು.

ಕ್ಲಬ್ಬಿನ ಮೇಷ್ಟ್ರುಗಳಿಗೂ, ಕಾಲೇಜಿನ ಹಿರಿಯರಿಗೂ ಒಂದು ಮಾತು. ನಾವು ಸುಳ್ಳು ಹೇಳಿದ್ದು ತಪ್ಪು. ಈ ಲೇಖನ ಅಚ್ಚಾಗೋ ಮುಂಚೆ ಆ ಘಟನೆ ಬಗ್ಗೆ ನಮ್ಮ ಕೋಆರ್ಡಿನೇಟರ್ ಸರ್ ಹತ್ರ ಹೋಗಿ ನಿಜ ಹೇಳಿದೀವಿ. ಅವರು ತುಂಬ ಹೊತ್ತು ಸುಮ್ಮನಿದ್ರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ‘ಅವನ ಬೆರಳು ಈಗ ಪೂರ್ತಿ ಮಡಚುತ್ತಾ?’ ಮಡಚುತ್ತೆ ಸರ್, ಆದರೆ ಚಳಿಗೆ ನೋಯುತ್ತೆ. ಕ್ಲಬ್ ಬಂದ್ ಆಗಿಲ್ಲ. ಎರಡು ವಾರ ಹಾರಿಸೋದು ಬೇಡ, ಚೆಕ್‌ಲಿಸ್ಟ್ ಬರ್ಕೊಂಡು ಬನ್ನಿ ಅಂದ್ರು. ಹಾಗೇ ಮಾಡಿದ್ವಿ. ಎಲ್ಲಾ ಕಾಲೇಜಿನಲ್ಲೂ ಹೀಗೇ ಆಗುತ್ತೆ ಅಂತ ಹೇಳೋಕೆ ಆಗಲ್ಲ. ಆದರೆ ಒಂದು ಗಾಯದ ಸುದ್ದಿ ಬಂದ ತಕ್ಷಣ ಕ್ಲಬ್ಬನ್ನೇ ಮುಚ್ಚಿದ್ರೆ ಮುಂದಿನ ಗಾಯದ ಸುದ್ದಿ ನಿಮ್ಮ ಕಿವಿಗೆ ಬರೋದೇ ಇಲ್ಲ. ಗಾಯ ಮಾತ್ರ ಆಗ್ತಾನೇ ಇರುತ್ತೆ.

ಇಷ್ಟೆಲ್ಲ ನಿಯಮ ಇಟ್ರೆ ಹಾರಿಸೋ ಮಜಾನೇ ಹೋಗುತ್ತೆ ಅನ್ನೋವ್ರೂ ನಮ್ಮಲ್ಲಿದಾರೆ. ಅವರ ಮಾತಿನಲ್ಲೂ ಸ್ವಲ್ಪ ಸತ್ಯ ಇದೆ. ಬೆಳಗ್ಗೆ ಗಾಳಿ ಏಳೋ ಮುಂಚೆ ಸಿಗೋದೇ ಒಂದೂವರೆ ಗಂಟೆ, ಅದರಲ್ಲಿ ಗೆರೆ ಹಾಕೋದು, ಓದೋದು, ಕೂಗೋದು ಅಂತ ಹದಿನೈದು ನಿಮಿಷ ಹೋಗುತ್ತೆ. ಹೋಗಲಿ. ಫೋಮ್ ರೆಕ್ಕೆ ಮುರಿದ್ರೆ ಗ್ಲೂ ಗನ್‌ನಿಂದ ಅಂಟಿಸಿ ಅರ್ಧ ಗಂಟೆಯಲ್ಲಿ ಮತ್ತೆ ಹಾರಿಸಿದೀವಿ. ಬೆರಳು ಹಾಗಲ್ಲ.

ಹೋದ ಭಾನುವಾರ ನಮ್ಮಲ್ಲೊಬ್ಬ ಟೇಕಾಫ್‌ಗೆ ರೆಡಿ ಆಗಿ ನಿಂತಿದ್ದ. ಸೇರಿ ಮೂರು ವಾರ ಆಗಿದ್ದ ಫಸ್ಟ್ ಇಯರ್ ಹುಡುಗಿ ಒಬ್ಬಳು ಹಿಂದಿನಿಂದ ಸಣ್ಣ ದನಿಯಲ್ಲಿ ‘ಅಣ್ಣಾ, ನಿಲ್ಸಿ’ ಅಂದಳು. ಅವನು ಬ್ಯಾಟರಿ ತೆಗೆದ. ಏನಮ್ಮ ಅಂತ ಕೇಳಿದ್ವಿ. ಎಡಗಡೆ ಏಲರಾನ್ ಉಲ್ಟಾ ಆಡ್ತಿದೆ ಅಂತ ಅವಳ ಅನುಮಾನ. ಎಲ್ಲರೂ ಸೇರಿ ಸ್ಟಿಕ್ ಆಡಿಸಿ ನೋಡಿದ್ವಿ. ಸರಿಯಾಗೇ ಇತ್ತು. ಅವಳು ಹಿಂದಿನಿಂದ ನೋಡೋ ಬದಲು ಮುಂದಿನಿಂದ ನೋಡಿದ್ಲು, ಎಡ ಬಲ ಅದಲು ಬದಲು ಆಗಿತ್ತು. ಅವಳ ಮುಖ ಕೆಂಪಾಯ್ತು. ಟೇಬಲ್ ಹತ್ರ ನಿಂತಿದ್ದ ನಮ್ಮ ಏಳು ಹೊಲಿಗೆಯವನು ನೋಟ್‌ಬುಕ್ ತೆಗೆದು ಅವಳ ಕೈಗೆ ಕೊಟ್ಟು, ‘ಇದನ್ನೂ ಬರಿ, ನಾಳೆ ಇನ್ನೊಬ್ಬರಿಗೆ ಇದೇ ಕನ್ಫ್ಯೂಸ್ ಆಗುತ್ತೆ’ ಅಂದ. ಅವಳು ಬರೆದಳು. ವಿಮಾನ ಎರಡು ನಿಮಿಷ ಲೇಟಾಗಿ ಹಾರಿತು.

ನೀವೂ ಬನ್ನಿ. ಪ್ರತಿ ಭಾನುವಾರ ಬೆಳಗ್ಗೆ ಆರೂವರೆಗೆ, ಹಿಂದಿನ ಮೈದಾನ. ಚಪ್ಪಲಿ ಬೇಡ, ಶೂ ಹಾಕ್ಕೊಂಡು ಬನ್ನಿ. ಸುಣ್ಣದ ಗೆರೆ ಹಿಂದೆ ನಿಂತ್ಕೊಳ್ಳಿ. ಏನಾದ್ರೂ ಸರಿ ಇಲ್ಲ ಅನ್ನಿಸಿದ್ರೆ ಕೂಗಿ.